ಹಗ್ಗದ ಮನೆಯ ಗಾಣ

ಹಿತ್ತಿಲಲ್ಲಿ ಕುಡುಗೋಲು ಮಸೆಯುವ ಸದ್ದು ಕೇಳಿದ ಕೂಡಲೇ ಸೊಸೆ ಗಂಜಿಯ ಪಾತ್ರೆ ಕೆಳಗಿಳಿಸಿ ಹೊರಗೆ ಬಂದಳು. ಮಾವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನೀರು ಚಿಮುಕಿಸಿಕೊಳ್ಳುತ್ತ, ಅಲಗನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದರು. ಅವರ ಕೈ ನಡುಗುತ್ತಿತ್ತು. ಆದರೆ ಅಲಗು ಕಲ್ಲಿಗೆ ತಾಗಿದಾಗ ಮಾತ್ರ ನಡುಕ ಎಲ್ಲಿ ಹೋಗುತ್ತಿತ್ತೋ ಏನೋ.

"ಇವತ್ತೇನಾ ಮಾವ?"

"ಇವತ್ತು ಮಸೆಯೋದು, ನಾಳೆ ಕೊಯ್ಯೋದು. ಹೂವು ಧೂಳು ಕಟ್ಟಿದೆ. ಇನ್ನು ಬಿಟ್ರೆ ನಾರು ಹೋಗಿ ಸೌದೆ ಆಗುತ್ತೆ."

"ಇನ್ನೊಂದಿಷ್ಟು ದಿನ ಬಿಟ್ರೆ ಬೀಜ ಕಟ್ಟುತ್ತೆ."

"ಬೀಜ ಕಟ್ಟಿದ ಗಿಡದಲ್ಲಿ ಹಗ್ಗ ಎಲ್ಲಿಂದ ಬರಬೇಕು ತಾಯಿ? ಎರಡು ದೋಣಿ ಮೇಲೆ ಕಾಲಿಟ್ಟು ಹೊಳೆ ದಾಟಿದವರನ್ನ ನಾನಂತೂ ನೋಡಿಲ್ಲ."

ಸೊಸೆ ಗಂಜಿಯ ಪಾತ್ರೆಯ ಕಡೆ ತಿರುಗಿದಳು. ಇನ್ನೂ ಮಾತು ಬೆಳೆಸಿದರೆ ಮಾವ ಹೋದ ವರ್ಷದ ಎಣ್ಣೆಯ ಕತೆ ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಹಿತ್ತಿಲಿನಾಚೆಯ ಹೊಲದಲ್ಲಿ ಹೆಂಪ್ ಗಿಡ ಆಳೆತ್ತರ ಮೀರಿ ನಿಂತಿತ್ತು. ಎಲೆ ನೋಡಿದವರು ಗಾಂಜಾ ಅಂದುಕೊಳ್ಳಬೇಕು, ಹಾಗಿತ್ತು. ದಾಯಾದಿಯೇ ಅದು, ಮುಖ ಒಂದೇ, ಗುಣ ಬೇರೆ. ಅಮಲು ಬರಿಸುವ ಸತ್ತ್ವ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅಧಿಕಾರಿಗಳು ಬಂದು ಪರೀಕ್ಷೆ ಮಾಡಿ, ಪರವಾನಗಿಯ ಫಲಕವನ್ನು ಬೇಲಿಗೆ ಕಟ್ಟಿ ಹೋಗಿದ್ದರು. ಬಿತ್ತುವ ಬೀಜವೂ ಪ್ರತಿವರ್ಷ ಅವರಿಂದಲೇ ಬರಬೇಕು. ಎದುರುಬೀದಿಯ ಕ್ಷೌರದವನು ಫಲಕವನ್ನು ನಂಬದೆ ಒಂದು ಸಲ ಬೇಲಿ ಹಾರಿ ಒಂದು ಹಿಡಿ ಎಲೆ ಕದ್ದು ಒಣಗಿಸಿ ಸೇದಿದ್ದ. ಸಿಕ್ಕಿದ್ದು ತಲೆನೋವೊಂದೇ. "ನಿಮ್ಮ ಗಿಡ ಮೋಸದ್ದು ಯಜಮಾನ್ರೇ" ಎಂದು ಅವನೇ ಬಂದು ದೂರಿದ್ದ. "ಗಿಡ ಸಾಚಾ ಕಣಯ್ಯ, ಕದ್ದವನು ಮೋಸದವನು" ಎಂದಿದ್ದರು ಮಾವ.

ಅವರದು ಮೂರು ತಲೆಮಾರಿನ ಹಗ್ಗದ ಮನೆ. ಮನೆ ಅನ್ನುವುದಕ್ಕಿಂತ ಉದ್ದನೆಯ ಕೊಟ್ಟಿಗೆ ಎನ್ನಬೇಕು. ಬೀದಿಯಂಚಿನಿಂದ ಹೊಲದವರೆಗೆ ಹಾವಿನಂತೆ ಚಾಚಿಕೊಂಡಿತ್ತು. ಒಂದು ತುದಿಯಲ್ಲಿ ಮರದ ಚಕ್ರ, ಕೊಕ್ಕೆಗಳು. ಹೊಸೆಯುವವನು ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಬೆರಳಲ್ಲಿ ಬಿಡುತ್ತ ಬಿಡುತ್ತ ಹಿಮ್ಮುಖವಾಗಿ ನಡೆಯಬೇಕು. ಚಕ್ರ ತಿರುಗಿದಂತೆ ಹುರಿ ಬೀಳುತ್ತದೆ. "ಲೋಕವೆಲ್ಲ ಮುಂದೆ ನಡೆದು ಬದುಕುತ್ತೆ, ನಾವು ಹಿಂದೆ ನಡೆದು ಬದುಕಿದವರು" ಎಂಬುದು ಮಾವನ ಹಳೆಯ ಮಾತು. ಗಿಡದ ಯಾವುದನ್ನೂ ಅವರು ಬಿಸಾಡುತ್ತಿರಲಿಲ್ಲ. ನಾರು ಬಿಡಿಸಿದ ಮೇಲೆ ಉಳಿಯುವ ಕಡ್ಡಿಚೂರು ಕುದುರೆ ಲಾಯಕ್ಕೆ ಹಾಸಾಗಿ ಹೋಗುತ್ತಿತ್ತು. ಕೊಟ್ಟಿಗೆಯ ಗೋಡೆಯೂ ಅದೇ ಚೂರನ್ನು ಸುಣ್ಣದಲ್ಲಿ ಕಲಸಿ ಕಟ್ಟಿದ್ದು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಬೀಜವೊಂದು ಮಾತ್ರ ಆ ಮನೆಗೆ ಪರಕೀಯವಾಗಿತ್ತು. ಬಿತ್ತಲು ಬರುತ್ತಿತ್ತು, ಮಣ್ಣಿಗೆ ಹೋಗುತ್ತಿತ್ತು, ಅಷ್ಟೇ. ಹೂ ಬಿಟ್ಟ ಕೂಡಲೇ ಕೊಯ್ದುಬಿಡುವ ಮನೆಯಲ್ಲಿ ಹೋದ ವರ್ಷದವರೆಗೆ ಬೀಜ ಕಟ್ಟಿದ್ದನ್ನು ಕಂಡವರೇ ಇರಲಿಲ್ಲ.

ಸೊಸೆ ಬಂದದ್ದು ಎಣ್ಣೆಯವರ ಮನೆಯಿಂದ. ಅಪ್ಪ ತೀರಿಕೊಂಡು ಅಂಗಡಿ ಮುಚ್ಚಿದಾಗ ಅಣ್ಣಂದಿರು, "ನಿನಗೇನು ಬೇಕೋ ಕೇಳು" ಎಂದಿದ್ದರು. ಒಡವೆ ಕೇಳುತ್ತಾಳೆ ಎಂದು ಅತ್ತಿಗೆಯರು ಉಸಿರು ಬಿಗಿಹಿಡಿದಿದ್ದರು. ಅವಳು ಕೇಳಿದ್ದು ಅಪ್ಪನ ಕೈಗಾಣ. ಹಿಡಿ ತಿರುಗಿಸಿದರೆ ಒಳಗಿನ ತಿರುಪು ಕಾಳನ್ನು ಹಿಂಡಿ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಹಿಂಡಿ ಬಿಡುವ ಕಬ್ಬಿಣದ ಗಾಣ. ನಾಲ್ಕು ಜನ ಎತ್ತಬೇಕಾದ ಭಾರ. ಅದು ಈಗ ಕೊಟ್ಟಿಗೆಯ ಕತ್ತಲ ಮೂಲೆಯಲ್ಲಿ ಗೋಣಿ ಹೊದ್ದು ಕೂತಿತ್ತು. ಅದರ ಮೇಲೆ ಗಂಡ ಮಾರಲು ತಂದ ನೈಲಾನ್ ಹಗ್ಗದ ಸುರುಳಿಗಳು.

ಹೋದ ವರ್ಷ ಅವಳು ಹಠ ಮಾಡಿ ಹೊಲದ ಒಂದು ಮೂಲೆಯನ್ನು ಬೀಜಕ್ಕೆ ಬಿಡಿಸಿಕೊಂಡಿದ್ದಳು. ಅರ್ಧಕ್ಕರ್ಧ ಗಿಡಗಳು ಒಣಗಿ ಬಿದ್ದಿದ್ದವು. ನೀರು ಸಾಲಲಿಲ್ಲ ಅಂದುಕೊಂಡಳು. ಸಿಕ್ಕ ಬೀಜವನ್ನು, ಅಪ್ಪ ಎಳ್ಳನ್ನು ಮಾಡುತ್ತಿದ್ದ ಹಾಗೆ, ಚೆನ್ನಾಗಿ ಹುರಿದು ಬಿಸಿಬಿಸಿಯಾಗಿ ಗಾಣಕ್ಕೆ ಹಾಕಿದಳು. ಎಣ್ಣೆ ಧಾರಾಳವಾಗಿ ಬಂತು. ಅದನ್ನು ಬಾಣಲೆಗೆ ಸುರಿದು ಕಾಯಿಸಿದಳು. ಹೊಗೆ ಎದ್ದಿತು. ಕರಿದದ್ದು ಕಹಿ, ವಾಸನೆ ಹಳೆಯ ಮೀನಿನದು. ಮನೆಯ ಬೆಕ್ಕು ಎದ್ದು ಹೋಗಿ ಪಕ್ಕದ ಮನೆಯಲ್ಲಿ ಬಿಡಾರ ಹೂಡಿತು. ಮಾವ ಆ ಎಣ್ಣೆಯನ್ನು ಬಿಸಾಡದೆ ಊರ ಹೊಳೆಯ ಅಂಬಿಗನ ದೋಣಿಯ ಹುಟ್ಟುಗಳಿಗೆ ಸವರಿದರು. ಅದು ಒಣಗಿ ಮೆರುಗು ಕಟ್ಟಿ, ಮರಕ್ಕೆ ನೀರು ಇಳಿಯದಂತಾಯಿತು. ಅಂದಿನಿಂದ ಅಂಬಿಗ ಅವಳನ್ನು ಕಂಡರೆ, "ಹೇಗಿದೀರಿ ಅಕ್ಕ, ಹುಟ್ಟಿಗೆ ಇನ್ನೊಂದು ಕೋಟ್ ಆಗುತ್ತಾ?" ಎನ್ನುತ್ತಿದ್ದ.

ಸೋಲನ್ನು ಅವಳು ಸುಮ್ಮನೆ ನುಂಗಲಿಲ್ಲ. ಉಳಿದಿದ್ದ ಒಂದಿಷ್ಟು ಬೀಜವನ್ನು ಹುರಿಯದೆ, ಹಸಿಯಾಗಿಯೇ, ನಿಧಾನಕ್ಕೆ ಹಿಂಡಿ ನೋಡಿದಳು. ಎಣ್ಣೆ ಕಡಿಮೆ ಬಂತು. ಆದರೆ ಎಲೆಹಸಿರು, ಎಳೆ ಬಾದಾಮಿ ಅಗಿದಂಥ ರುಚಿ. ಒಲೆಗಿಡದೆ ಬಡಿಸಿದ ಊಟದ ಮೇಲೆ ಹಾಕಿಕೊಳ್ಳುವ ಎಣ್ಣೆ ಇದು, ಕತ್ತಲಲ್ಲಿ ತಣ್ಣಗಿಟ್ಟು ಬೇಗ ಮುಗಿಸಬೇಕು ಎಂದು ತಿಳಿಯಿತು. ಹಿಂಡಿಯನ್ನು ಪುಡಿಮಾಡಿ ಬೀದಿ ಕೊನೆಯ ಬೇಕರಿಯವಳಿಗೆ ಕೊಟ್ಟಳು. ಬೇಕರಿಯವಳು ಅದನ್ನು ಗೋಧಿಹಿಟ್ಟಿಗೆ ಬೆರೆಸಿ ಬ್ರೆಡ್ ಸುಟ್ಟು, ತಿಂದು, ಹೊತ್ತು ನೋಡಿ ಹೇಳಿದಳು: "ಮಧ್ಯಾಹ್ನದವರೆಗೆ ಹಸಿವೇ ಆಗಲಿಲ್ಲ ಕಣೇ. ಬೇಳೆ ತಿಂದ ಹಾಗಿದೆ, ಹೊಟ್ಟೆ ಹಿಡಿಯುತ್ತೆ. ವಾರ ವಾರ ಕೊಡೋಕಾದ್ರೆ ಹೇಳು. ಆಗದಿದ್ರೆ ನಾನು ಬೇರೆ ಕಡೆ ನೋಡ್ತೀನಿ."

ಅದೇ ಧೈರ್ಯದಲ್ಲಿ ಅವಳು ಗಂಡನ ಜೊತೆ ಜಗಳವಾಡುವಾಗ ಬಾಯಿಬಿಟ್ಟು ಹೇಳಿಬಿಟ್ಟಿದ್ದಳು: ಈ ಬೆಳೆಯಲ್ಲಿ ಗಾಣ ತಿರುಗದಿದ್ದರೆ ಗುಜರಿಗೆ ಕೊಡಿ, ನಾನು ಅಡ್ಡ ಬರುವುದಿಲ್ಲ ಎಂದು. ಗಂಡ ಕೆಟ್ಟವನಲ್ಲ. ಆದರೆ ನೈಲಾನ್ ಇಡಲು ಜಾಗ ಬೇಕಿತ್ತು. ಗುಜರಿಯವನಿಗೆ ಮಾತೂ ಕೊಟ್ಟಿದ್ದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತಾಗಿತ್ತು ಅವಳ ಪಾಡು.

ಆ ದಿನ ಮಧ್ಯಾಹ್ನ ಅಂಬಿಗ ಬಂದ. ಅವನ ದೋಣಿ ಈ ದಡದಿಂದ ಆ ದಡಕ್ಕೆ ಕಟ್ಟಿದ ಹಗ್ಗವನ್ನು ಕೈಯಲ್ಲಿ ಎಳೆಯುತ್ತ ದಾಟುವಂಥದು. ಹುಟ್ಟು ಹಾಕುವುದು ದಡ ಸೇರಿಸುವಾಗ ಮಾತ್ರ. ಹಳೆಯ ಹಗ್ಗದ ತುಂಡನ್ನು ಮಾವನ ಮುಂದೆ ಹಾಕಿದ. ಒಳಗಿನ ಎಳೆಗಳು ಹರಿದು ಗಡ್ಡದಂತೆ ಕೆದರಿದ್ದವು.

"ಮಗ ನೈಲಾನ್ ಕೊಡ್ತಾನಂತಲ್ಲ, ತಗೋ" ಎಂದರು ಮಾವ, ಒಳಗೊಳಗೇ ಹಿಗ್ಗುತ್ತ.

"ಕಟ್ಟಿ ನೋಡಿದೆ ಯಜಮಾನ್ರೇ. ಒದ್ದೆ ಕೈಗೆ ಜಾರುತ್ತೆ, ಜಾರಿದ್ರೆ ಅಂಗೈ ಸುಡುತ್ತೆ. ಅದರ ಮೇಲೆ ರಬ್ಬರಿನ ಹಾಗೆ ಹಿಗ್ಗುತ್ತೆ ಬೇರೆ. ಹೊಳೆ ಮಧ್ಯೆ ಜನ ಕೂತಿರ್ತಾರೆ. ನನಗೆ ನಾರಿನದೇ ಬೇಕು, ಕೈಗೆ ಕಚ್ಚೋದು."

"ಹೊಲಪೂರ್ತಿ ನಾರು ಬೇಕಾಗುತ್ತೆ ಅಷ್ಟುದ್ದಕ್ಕೆ" ಎಂದರು ಮಾವ, ಸೊಸೆಗೂ ಕೇಳುವ ಹಾಗೆ. ಆಮೇಲೆ ತಮ್ಮ ಕೈಗಳನ್ನು ಮಗುಚಿ ನೋಡಿಕೊಂಡು, ಮೆಲ್ಲಗೆ ಸೇರಿಸಿದರು: "ಇದೇ ಕೊನೇದಿರಬಹುದು. ಈ ಕೈ ಮುಂದಿನ ವರ್ಷ ಬರುತ್ತೋ ಇಲ್ವೋ."

ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒಂದು ಕಡೆ ಮುದಿಜೀವದ ಕೊನೆಯ ಹಗ್ಗ, ಇನ್ನೊಂದು ಕಡೆ ಸತ್ತ ಅಪ್ಪನ ಗಾಣ. ಯಾರನ್ನು ದೂರುವುದು?

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೊಲಕ್ಕೆ ಹೋದಳು. ಕೊಯ್ಯುವ ಮುಂಚೆ ಒಮ್ಮೆ ನೋಡಿಬರೋಣ ಎಂಬ ಆಸೆ, ಅಷ್ಟೇ. ಗಿಡಗಳ ಸಂದಿಯಲ್ಲಿ ನುಗ್ಗಿದಂತೆ ತಲೆ, ಹೆಗಲ ಮೇಲೆಲ್ಲ ಹೂವಿನ ಪರಾಗದ ಹಳದಿ ಧೂಳು ಉದುರಿತು. ಎಣ್ಣೆಯವರ ಮನೆಯ ಕಣ್ಣು ಅವಳದು. ಎಲ್ಲಿ ಕಾಳು ಕಟ್ಟುತ್ತದೆ ಎಂದೇ ಹುಡುಕುವ ಕಣ್ಣು. ಕೆಲವು ಗಿಡಗಳ ತುದಿಯಲ್ಲಿ ಎಲೆಗಳ ನಡುವೆ ಹಸಿರು ಗೊಂಚಲು ಮೊಳೆಯುತ್ತಿತ್ತು. ಪಕ್ಕದ ಗಿಡ ತೆಳ್ಳಗೆ, ಎತ್ತರಕ್ಕೆ. ಧೂಳುದುರಿಸಿ ಖಾಲಿಯಾದ ಹೂವು, ಹಳದಿಗೆ ತಿರುಗಿದ ಎಲೆ. ಅದರಲ್ಲಿ ಗೊಂಚಲಿನ ಸುಳಿವಿಲ್ಲ. ಮುಂದಿನದರಲ್ಲಿ ಇತ್ತು. ಅದರಾಚೆಯದರಲ್ಲಿ ಇಲ್ಲ. ಅವಳು ನಿಂತಲ್ಲೇ ಸುತ್ತ ತಿರುಗಿ ನೋಡಿದಳು. ಹೊಲದಲ್ಲಿ ಅರ್ಧಕ್ಕರ್ಧ ಗಿಡ ಹೆರುವ ಗಿಡಗಳೇ ಅಲ್ಲ. ಗಂಡುಗಿಡ. ಧೂಳು ಕೊಟ್ಟು ಅವುಗಳ ಕೆಲಸ ಮುಗಿದಿತ್ತು.

ಹೋದ ವರ್ಷ ಒಣಗಿ ಬಿದ್ದದ್ದು ಇವೇ. ನೀರಿಲ್ಲದೆ ಅಲ್ಲ.

ತೆಳ್ಳನೆಯದೊಂದನ್ನು ಬೇರುಸಹಿತ ಕಿತ್ತಳು. ಸಲೀಸಾಗಿ ಬಂತು. ಅಷ್ಟರಲ್ಲಿ ಮಾವ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತಿದ್ದರು.

"ಮಾವ, ಇದರ ಸಿಪ್ಪೆ ಸುಲಿದು ನೋಡಿ."

"ಏನು ನೋಡೋದು, ಎಲ್ಲ ಒಂದೇ."

"ನೋಡಿ ಅಂದೆ. ಆಮೇಲೆ ಇದನ್ನ." ಗೊಂಚಲಿದ್ದ ದಪ್ಪ ಗಿಡವೊಂದನ್ನೂ ಕಿತ್ತು ಮುಂದೆ ಹಿಡಿದಳು.

ಮಾವ ಉಗುರಿನಿಂದ ತೆಳ್ಳನೆಯದರ ಸಿಪ್ಪೆ ಎಬ್ಬಿಸಿ ಎಳೆದರು. ಬುಡದಿಂದ ತುದಿಯವರೆಗೆ ರೇಷ್ಮೆಯಂತೆ ಬಂತು. ಅದನ್ನು ಹೆಬ್ಬೆರಳಿನ ಮೇಲೆ ಹೊಸೆದರು. ದಪ್ಪನೆಯದನ್ನು ಎಳೆದರು, ಅರ್ಧಕ್ಕೆ ತುಂಡಾಯಿತು. ಮತ್ತೊಂದು ತೆಳ್ಳನೆಯದನ್ನು ತಾವೇ ಕಿತ್ತರು. ಮತ್ತೊಂದು.

"ಬಾಚುವಾಗ ಯಾವಾಗಲೂ ಅರ್ಧ ನಾರು ಮೆತ್ತಗೆ, ಅರ್ಧ ಮೊಂಡು" ಎಂದರು ಕೊನೆಗೆ. "ನಮ್ಮಪ್ಪ ಮಣ್ಣಿನ ದೋಷ ಅಂತಿದ್ರು. ನಾನೂ ಹಾಗೇ ಅಂದ್ಕೊಂಡು ವರ್ಷ ವರ್ಷ ಗೊಬ್ಬರ ಹೊತ್ತೆ. ಒಟ್ಟಿಗೆ ಕೊಯ್ದು ಒಟ್ಟಿಗೆ ಕಟ್ಟಿದ್ರೆ ಯಾವುದು ಯಾವ ಗಿಡದ್ದು ಅಂತ ಹೇಗೆ ತಿಳೀಬೇಕು?"

"ನಾನು ನೀರಿನ ದೋಷ ಅಂದ್ಕೊಂಡಿದ್ದೆ."

"ಸರಿಹೋಯ್ತು. ನಿನಗೆ ನೀರು, ನನಗೆ ಮಣ್ಣು. ಗಿಡ ನಗ್ತಿರಬೇಕು." ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಆದ್ರೆ ಅರ್ಧ ಹೊಲದ ನಾರಲ್ಲಿ ಹೊಳೆ ಅರ್ಧವೇ ದಾಟೋದು."

"ಇನ್ನರ್ಧ ಬೀಜ ಆದ ಮೇಲೆ ತಗೊಳ್ಳಿ."

"ಸೌದೆ ಆಗಿರುತ್ತೆ ಅಂದೆನಲ್ಲ."

"ಈಗಲೂ ಮೊಂಡೇ ತಾನೇ?"

ಮಾವ ಇನ್ನೊಂದು ತೆಳ್ಳನೆಯ ಗಿಡಕ್ಕೆ ಕೈ ಹಾಕಿದರು. ಕುಡುಗೋಲು ಆ ದಿನ ಸೊಂಟದಿಂದ ಹೊರಗೆ ಬರಲೇ ಇಲ್ಲ.

ಕೀಳುವ ಕೆಲಸ ಕೊಯ್ಯುವಷ್ಟು ಸುಲಭವಲ್ಲ. ಕೊಯ್ಯುವವನು ಸಾಲು ಹಿಡಿದು ಹೋಗಬಹುದು. ಇದು ಒಂದೊಂದೇ ಗಿಡದ ಮುಖ ನೋಡಿ, ಪಕ್ಕದ್ದು ಮುರಿಯದ ಹಾಗೆ ಎಳೆಯಬೇಕು. ಗಂಡ ಬೆಳಿಗ್ಗೆ ಬಂದು, ಮಧ್ಯಾಹ್ನಕ್ಕೆ ಸೊಂಟ ಹಿಡಿದುಕೊಂಡ. ಅಂಬಿಗ ವಿಚಾರಿಸಲು ಬಂದವನು ಸಿಕ್ಕಿಬಿದ್ದ.

"ಹಗ್ಗ ಬೇಕಾ? ಗಿಡ ಕೀಳು" ಎಂದರು ಮಾವ.

"ನಾನು ಗಿರಾಕಿ ಯಜಮಾನ್ರೇ."

"ಗಿರಾಕಿಗೆ ಸೊಂಟ ಇರಲ್ವಾ?"

ಬೇಲಿಯಾಚೆ ಕ್ಷೌರದವನು ನಿಂತು ನೋಡಿದ. "ಏನು, ಹೊಲದ ತಲೇಲಿ ಹೇನು ಹೆಕ್ತಿದೀರಾ?" ಎಂದ.

"ಬಾರಯ್ಯ, ತಲೆ ಕೆಲಸ ನಿನ್ನದೇ ಅಲ್ವಾ" ಎಂದಳು ಸೊಸೆ. ಅವನು ಅಂಗಡಿಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂದು ಜಾಗ ಖಾಲಿ ಮಾಡಿದ.

ಕಿತ್ತ ಗಿಡಗಳನ್ನು ಹೊಂಡದ ನೀರಿನಲ್ಲಿ ನೆನೆಹಾಕಿ, ಸಿಪ್ಪೆ ಸಡಿಲವಾದ ಮೇಲೆ ಒಣಗಿಸಿ, ಬಡಿದು, ಮೊಳೆಗಳ ಬಾಚಣಿಗೆಯಲ್ಲಿ ಬಾಚಿದರು. ಬಂದ ನಾರನ್ನು ಮಾವ ಹೆಗಲ ಮೇಲೆ ಹಾಕಿಕೊಂಡು ಬೀದಿಗೆ ಹೋಗಿ, ಬೇಕರಿಯವಳಿಗೂ ಕ್ಷೌರದವನಿಗೂ ಮುಟ್ಟಿಸಿ ಬಂದರು. ಇಷ್ಟು ಮೆತ್ತಗಿನದು ಅವರ ಕೈಗೆ ಸಿಕ್ಕಿದ್ದು ಮೊದಲ ಸಲ. ಆದರೆ ಕಮ್ಮಿ. ದೋಣಿಯ ಹಗ್ಗಕ್ಕೆ ಕಮ್ಮಿಯೇ.

ಹೊಲದಲ್ಲಿ ಉಳಿದ ಗಿಡಗಳಿಗೆ ಈಗ ಗಾಳಿ ಬೆಳಕು ಎರಡೂ ಸಿಕ್ಕಿ ಗೊಂಚಲು ತುಂಬಿಕೊಂಡವು. ಹಕ್ಕಿಗಳಿಗೂ ಸುದ್ದಿ ಮುಟ್ಟಿತು. ಸೊಸೆ ತಟ್ಟೆ ಬಡಿದಳು, ಬಟ್ಟೆ ಕಟ್ಟಿದಳು, ಬೈದಳು. ಪಕ್ಕದ ಮನೆ ಸೇರಿದ್ದ ಬೆಕ್ಕಿಗೆ ಹಾಲು ತೋರಿಸಿ ಹೊಲಕ್ಕೆ ಕರೆತಂದಳು. ಅದು ಹಾಲು ಕುಡಿದು ನೆರಳಲ್ಲಿ ಮಲಗಿತು. ಹಕ್ಕಿಗಳು ತಮ್ಮ ಪಾಲು ತೆಗೆದುಕೊಂಡೇ ತೆಗೆದುಕೊಂಡವು. ಕೊನೆಗೆ ಬಡಿದು, ತೂರಿ, ಗೂಡಿಸಿದಾಗ ಅವಳು ಅಂದುಕೊಂಡದ್ದಕ್ಕಿಂತ ಚೀಲ ಕಮ್ಮಿಯೇ ತುಂಬಿತು. ಬೂದುಬಣ್ಣದ, ಮೆಣಸಿಗಿಂತ ಚಿಕ್ಕ, ಹೊಳೆಯುವ ಕಾಳು. ಬೇಕರಿಗೆ ಸಾಕು. ಮನೆಗೂ ಸ್ವಲ್ಪ.

ಬೀಜ ಉದುರಿಸಿಕೊಂಡ ಕಾಂಡಗಳ ನಾರು ನಿಜವಾಗಿಯೂ ಒರಟಾಗಿತ್ತು. ಬಾಚಣಿಗೆಯ ಮೊಳೆ ಬಾಗಿತು. ಮಾವ ಅದನ್ನು ದೂರ ನೂಕಿದರು.

"ಇದನ್ನ ನನ್ನ ಹಗ್ಗಕ್ಕೆ ಹಾಕಲ್ಲ. ಅಂಬಿಗನ ಅಂಗೈ ಕಿತ್ತುಹೋಗುತ್ತೆ."

"ಅಂಗೈಗೆ ತಾಗೋದು ಹೊರಗಿನ ಹುರಿ ತಾನೇ?" ಎಂದಳು ಸೊಸೆ. "ನಡುವೆ ಇದ್ರೆ ಯಾರ ಕೈಗೆ ತಾಗುತ್ತೆ?"

"ನಡುವೆ ಇರೋದೇ ಭಾರ ಹೊರೋದು. ತುಂಡಾದ್ರೆ ಜನ ನೀರಲ್ಲಿ."

"ಹಾಗಾದ್ರೆ ತುಂಡಾಗುತ್ತಾ ನೋಡಿ. ನೋಡದೇ ಹೇಳಿದ್ರೆ ಅದೂ ಮಣ್ಣಿನ ದೋಷದ ಹಾಗೇ."

ಮಾವ ಅವಳನ್ನೇ ದಿಟ್ಟಿಸಿದರು. ಬೈಗುಳ ಬರುತ್ತದೆ ಎಂದು ಗಂಡ ಬಾಗಿಲ ಕಡೆ ಒಂದು ಹೆಜ್ಜೆ ಹಾಕಿದ. ಬರಲಿಲ್ಲ. ಮಾವ ಒರಟು ನಾರನ್ನು ಮತ್ತೆ ಹತ್ತಿರ ಎಳೆದುಕೊಂಡು, ಒಂದು ಎಳೆ ತೆಗೆದು ಎರಡೂ ಮುಷ್ಟಿಗೆ ಸುತ್ತಿ ಜಗ್ಗಿದರು. ಮತ್ತೊಂದು. ಉದ್ದ ಉಳಿದದ್ದನ್ನು ಒಂದು ಕಡೆ, ತುಂಡಾದದ್ದನ್ನು ಇನ್ನೊಂದು ಕಡೆ ಇಡುತ್ತ ಹೋದರು. ಆರಿಸಿ ಮುಗಿಸಲು ದಿನಗಟ್ಟಲೆ ಹಿಡಿಯಿತು. ಅಂಬಿಗ ಹಳೆಯ ಹಗ್ಗಕ್ಕೆ ಗಂಟು ಹಾಕಿಕೊಂಡು, ದಿನಾ ಬಂದು ಗೊಣಗಿ ಹೋದ.

ಹೊಸೆಯುವ ದಿನ ಸೊಸೆ ಚಕ್ರ ತಿರುಗಿಸಿದಳು. ಮಾವ ನಾರು ಸೊಂಟಕ್ಕೆ ಸುತ್ತಿ ಹಿಂದೆ ನಡೆದರು. ಗಾಣ ತಿರುಗಿಸಿದ ತೋಳು ಅವಳದು. ಚಕ್ರ ಒಂದೇ ಸಮನೆ ತಿರುಗುತ್ತಿತ್ತು, ಎಲ್ಲೂ ಜಗ್ಗಾಟವಿಲ್ಲ. "ನನ್ನ ಮಗ ತಿರುಗಿಸಿದ್ರೆ ಕುಡಿದ ಗಾಡಿಯವನ ಹಾಗೆ" ಎಂದು ಕೊಟ್ಟಿಗೆಯ ಆ ತುದಿಯಿಂದ ಮಾವನ ದನಿ ಕೇಳಿತು. ಒರಟಿನ ಹುರಿ ನಡುವೆ, ಅದರ ಸುತ್ತ ಮೆತ್ತನೆಯ ಹುರಿಗಳು. ಹಗ್ಗ ಪೂರ್ತಿ ಬಂದು ಕೊಟ್ಟಿಗೆಯ ನೆಲದ ಮೇಲೆ ಸುರುಳಿಯಾಯಿತು. ನೀರಿಗೆ ಕೊಳೆಯದಂತೆ ಡಾಂಬರು ಹಚ್ಚುವ ಮುಂಚೆ ಭಾರ ಹಾಕಿ ನೋಡಬೇಕು. ಅದು ಆ ಮನೆಯ ಪದ್ಧತಿ. ಯಾವಾಗಲೂ ಕಲ್ಲು ಕಟ್ಟಿ ನೋಡುತ್ತಿದ್ದರು.

ಭಾರ ಹಾಕುವ ದಿನ ಬೆಳಿಗ್ಗೆ ಅಂಬಿಗನಲ್ಲದೆ ಗುಜರಿಯವನೂ ಬಂದಿದ್ದ. ಗಂಡ ಹೇಳಿದ್ದ ದಿನ ಅದೇ. ಬೇಡವೆಂದು ತಿಳಿಸಲು ಮರೆತಿದ್ದ. ಕೈಗಾಡಿ ಬಾಗಿಲಲ್ಲಿ ನಿಲ್ಲಿಸಿ, "ಎಲ್ಲಿದೆ ಕಬ್ಬಿಣ?" ಎಂದ. ಸೊಸೆ ಗೋಡೆಯ ಕಡೆ ನೋಡಿದಳು. ಬೀಜದ ಚೀಲ ಬಂದು ಗೋಡೆಗೊರಗಿತ್ತು, ನಿಜ. ಆದರೆ ಗಾಣ ಇನ್ನೂ ಒಂದು ಸುತ್ತೂ ತಿರುಗಿರಲಿಲ್ಲ. ಮಾತು ಮಾತೇ.

ಮಾವ ಮಗನಿಗೆ, "ಆ ನೈಲಾನೆಲ್ಲ ತೆಗಿ" ಎಂದರು. ಗೋಣಿ ತೆಗೆಸಿದರು. ಹೊಸ ಹಗ್ಗದ ತುದಿಯನ್ನು ತಾವೇ ಗಾಣದ ಹೊಟ್ಟೆಗೆ ಸುತ್ತಿ, ಗಂಟು ಹಾಕಿ, ಇನ್ನೊಂದು ತುದಿಯನ್ನು ತೊಲೆಯುದ್ದಕ್ಕೆ ಜಾರುವ ರಾಟೆಗೆ ಏರಿಸಿದರು. ಗುಜರಿಯವನು ಗಾಡಿಯನ್ನು ಹತ್ತಿರ ತಳ್ಳಿದ.

"ನೀನು ಸ್ವಲ್ಪ ಆಚೆ ಸರಿ" ಎಂದರು ಮಾವ. "ಹಗ್ಗ ಹರಿದ್ರೆ ನಿನ್ನ ಗಾಡಿ ಮೇಲೇ ಬೀಳುತ್ತೆ, ತಗೊಂಡು ಹೋಗು. ಹರೀದಿದ್ರೆ ಅದು ಬೇರೆ ಕಡೆ ಹೋಗುತ್ತೆ."

ಅಂಬಿಗ, ಗಂಡ, ಸೊಸೆ ಮೂವರೂ ಸೇರಿ ಜಗ್ಗಿದರು. ಹಗ್ಗ ಬಿಗಿಯಾಗಿ, ಕಿರುಗುಟ್ಟಿ, ಮೇಲೆ ಧೂಳೆಬ್ಬಿಸಿತು. ಗಾಣ ನೆಲ ಬಿಟ್ಟಿತು. ಮಾವ ಕಣ್ಣು ಮುಚ್ಚಿ, ಹಗ್ಗದ ಮೇಲೆ ಅಂಗೈ ಇಟ್ಟು ನಿಂತಿದ್ದರು, ನಾಡಿ ನೋಡುವ ವೈದ್ಯನ ಹಾಗೆ. ಬಹಳ ಹೊತ್ತಿನ ಮೇಲೆ, "ಬಾಗಿಲ ಕಡೆ ತನ್ನಿ" ಎಂದರು. ತೂಗಾಡುವ ಗಾಣವನ್ನು ನೂಕಿ, ಬಾಗಿಲ ಪಕ್ಕದ, ಬೆಳಕು ಬೀಳುವ ಕಿಟಕಿಯ ಕೆಳಗೆ ಇಳಿಸಿದರು.

"ಅಲ್ಲಿ ನನ್ನ ನೈಲಾನ್ ಇಡಬೇಕಂತಿದ್ದೆ ಅಪ್ಪ" ಎಂದ ಗಂಡ.

"ಆ ಮೂಲೆ ಖಾಲಿ ಆಯ್ತಲ್ಲ, ಅಲ್ಲಿಡು. ಪ್ಲಾಸ್ಟಿಕ್ಕಿಗೆ ಬೆಳಕು ಯಾಕೆ?"

ಗುಜರಿಯವನು ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಸೊಸೆ ಹಿಡಿಗೆ ಅಂಟಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು. ಒಂದು ಬೊಗಸೆ ಕಾಳು ಹಾಕಿ ತಿರುಗಿಸಿದಳು. ಮೊದಲು ಬರೀ ಗರಗರ. ಆಮೇಲೆ ಗಾಣದ ಬಾಯಿಯ ತುದಿಯಲ್ಲಿ ಹಸಿರು ಹನಿಯೊಂದು ಕೂಡಿಕೊಂಡು, ತೂಗಿ, ಬಟ್ಟಲಿಗೆ ಬಿತ್ತು.

ಮಾವ ಬೆರಳು ಒಡ್ಡಿ ಎರಡನೆಯ ಹನಿಯನ್ನು ಹಿಡಿದು ನಾಲಗೆಗೆ ಹಚ್ಚಿಕೊಂಡರು. ಹಲ್ಲಿಲ್ಲದ ಬಾಯಿ ಅತ್ತಿತ್ತ ಆಡಿತು.

"ನಾಳೆ ಗಂಜಿ ಮೇಲೆ ಇದನ್ನ ಹಾಕು" ಎಂದರು. "ಒಲೆ ಹತ್ರ ಮಾತ್ರ ತಗೊಂಡು ಹೋಗ್ಬೇಡ. ಈ ಅಂಬಿಗನ ಹುಟ್ಟಿಗೆ ಹೋದ ವರ್ಷದ್ದೇ ಇನ್ನೂ ಇದೆ."